ಪ್ರೋಗ್ರಾಮ್ ಹ್ಯಾಂಗ್ ಆದ್ರೆ ರೀಸ್ಟಾರ್ಟ್ ಮಾಡ್ಬೇಡಿ ಮಾರಾಯ್ರೆ, ಮೊದ್ಲು ಡಂಪ್ ತೆಗೀರಿ

ಮಂಗ್ಳೂರು, ಉಡುಪಿ ಕಡೆ ಹೊಸದಾಗಿ ಕೆಲ್ಸಕ್ಕೆ ಸೇರಿದ ಮಕ್ಳಿಗೆ ನಾನು ಮೊದ್ಲು ಹೇಳುದೇ ಇದು. ಸರ್ವರ್ ಹ್ಯಾಂಗ್ ಆಯ್ತು ಅಂತ ಫೋನ್ ಬಂದ ಕೂಡ್ಲೆ ಕಿಲ್ ಮಾಡಿ ವಾಪಸ್ ಸ್ಟಾರ್ಟ್ ಮಾಡ್ಲಿಕ್ಕೆ ಹೋಗ್ಬೇಡಿ, ಯಾಕಂದ್ರೆ ಯಾವ ಥ್ರೆಡ್ (ಪ್ರೋಗ್ರಾಮ್ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲ್ಸದ ಒಂದೊಂದು ಎಳೆ) ಯಾವ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡೀಲಿಕ್ಕೆ ಆಗುವ ಬೀಗ) ಹಿಡ್ಕೊಂಡು ಕೂತಿದೆ ಅನ್ನುವ ಸಾಕ್ಷಿ ಎಲ್ಲ ಆ ನಿಂತ ಪ್ರೋಸೆಸ್ ಒಳಗೇ ಉಂಟು, ಕಿಲ್ ಮಾಡಿದ್ರೆ ಅದೂ ಹೋಯ್ತು. ಆ ಹೊತ್ತಲ್ಲಿ ಯಾವ ಥ್ರೆಡ್ ಎಲ್ಲಿ ನಿಂತಿದೆ ಅನ್ನುವ ಪಟ್ಟಿಯೇ ಡಂಪ್.

ಮೊದ್ಲು ಸಿಪಿಯು ನೋಡಿ. ನೂರು ಪರ್ಸೆಂಟ್ ಓಡ್ತಾ ಉಂಟಾದ್ರೆ ಅದು ಹೆಚ್ಚಾಗಿ ಡೆಡ್‌ಲಾಕ್ (ಥ್ರೆಡ್ಡುಗಳು ಒಬ್ಬರ ಲಾಕಿಗೆ ಇನ್ನೊಬ್ಬರು ಕಾಯ್ತಾ ನಿಂತೇ ಬಿಡುದು) ಅಲ್ಲ, ಎಲ್ಲೋ ಲೂಪಲ್ಲಿ ಸಿಕ್ಕಿ ಬಿದ್ದಿದೆ. ಸೊನ್ನೆ ಹತ್ರ ಇದ್ದು ರೆಸ್ಪಾನ್ಸೂ ಇಲ್ಲ ಅಂದ್ರೆ ಡೆಡ್‌ಲಾಕ್ ಇರ್ಬಹುದು, ಡೇಟಾಬೇಸಿನ ಉತ್ತರಕ್ಕೆ ಕಾಯ್ತಾ ಇರ್ಲಿಕ್ಕೂ ಸಾಕು.

ಡೆಡ್‌ಲಾಕ್ ಹೇಗೆ ಆಗ್ತದೆ ಅಂದ್ರೆ, ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್ ಎಲ್ಲ ಹುಟ್ಟಿದ ಊರು ನಮ್ದು, ಹಾಗಾಗಿ ಬ್ಯಾಂಕಿನ ಉದಾಹರಣೆಯೇ ಕೊಡ್ತೇನೆ. ಒಂದು ಥ್ರೆಡ್ ಕುಂದಾಪುರದ ಖಾತೆಯಿಂದ ಕಾರ್ಕಳದ ಖಾತೆಗೆ ದುಡ್ಡು ಹಾಕ್ತಾ ಉಂಟು, ಅದು ಕುಂದಾಪುರ ಲಾಕ್ ಹಿಡಿದು ಕಾರ್ಕಳಕ್ಕೆ ಕಾಯ್ತದೆ, ಅದೇ ಹೊತ್ತಿಗೆ ಇನ್ನೊಂದು ಥ್ರೆಡ್ ಕಾರ್ಕಳದಿಂದ ಕುಂದಾಪುರಕ್ಕೆ ಹಾಕ್ಲಿಕ್ಕೆ ಕಾರ್ಕಳ ಲಾಕ್ ಹಿಡಿದು ಕುಂದಾಪುರಕ್ಕೆ ಕಾಯ್ತದೆ. ಮುಗೀತು, ಎರಡೂ ಅಲ್ಲೇ ಬಾಕಿ. 1971ರಲ್ಲಿ ಕಾಫ್ಮನ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಮತ್ತು ಜೊತೆಯವ್ರು ಇದಕ್ಕೆ ನಾಲ್ಕು ಕಂಡೀಶನ್ ಬರೆದಿಟ್ಟಿದ್ದಾರೆ, ನಾಲ್ಕೂ ಒಟ್ಟಿಗೆ ಇದ್ರೆ ಮಾತ್ರ ಡೆಡ್‌ಲಾಕ್. ಕೋಡ್ ಬರೆಯುವವ್ರು ಸುಲಭದಲ್ಲಿ ಮುರೀಲಿಕ್ಕೆ ಆಗುದು ಕೊನೇದನ್ನು, ಅಂದ್ರೆ ಒಬ್ಬರಿಗೊಬ್ಬರು ಸುತ್ತು ಹಾಕಿ ಕಾಯುದು.

ಜಾವಾ ಆದ್ರೆ ಜೆಸ್ಟ್ಯಾಕ್‌ಗೆ (jstack, ಡಂಪ್ ತೆಗೆಯುವ ಜಾವಾ ಟೂಲ್) ಪ್ರೋಸೆಸ್ ಐಡಿ ಕೊಡಿ, ಇಲ್ಲಾಂದ್ರೆ ಕಿಲ್ ಮೈನಸ್ ಮೂರು (kill -3) ಕಮಾಂಡ್ ಕೊಡಿ. ಹೆಸ್ರು ನೋಡಿ ಹೆದರ್ಬೇಡಿ, ಜಾವಾ ಪ್ರೋಸೆಸ್ ಅದ್ರಿಂದ ಸಾಯುದಿಲ್ಲ, ಡಂಪ್ ಪ್ರಿಂಟ್ ಆಗ್ತದೆ ಅಷ್ಟೆ. ಹತ್ತತ್ತು ಸೆಕೆಂಡ್ ಬಿಟ್ಟು ಎರಡು ಮೂರು ಸಲ ತೆಗೀರಿ, ಎಲ್ಲದ್ರಲ್ಲೂ ಅದೇ ಥ್ರೆಡ್ ಅದೇ ಲೈನಲ್ಲಿ ಇದ್ರೆ ಅದು ಸಿಕ್ಕಿ ಬಿದ್ದದ್ದೇ. ಡಂಪಿನ ಕೊನೆಗೆ 'ಫೌಂಡ್ ಒನ್ ಜಾವಾ-ಲೆವೆಲ್ ಡೆಡ್‌ಲಾಕ್' ಅಂತ ಬಂದ್ರೆ ಅರ್ಧ ಕೆಲ್ಸ ಆಯ್ತು. ಇನ್ನು 'ವೇಟಿಂಗ್ ಟು ಲಾಕ್' ಲೈನಿನ ಅಡ್ರೆಸ್ ತಗೊಂಡು ಅದೇ ಅಡ್ರೆಸ್ ಯಾವ ಥ್ರೆಡ್ಡಲ್ಲಿ 'ಲಾಕ್ಡ್' ಅಂತ ಉಂಟು ಹುಡುಕಿ. ಕಾಯುವವನ ಸ್ಟ್ಯಾಕ್ (ಥ್ರೆಡ್ ಯಾವ ಫಂಕ್ಷನಿಂದ ಯಾವ ಫಂಕ್ಷನಿಗೆ ಬಂದು ನಿಂತಿದೆ ಅನ್ನುವ ಸಾಲು) ನೋಡ್ತಾ ಕೂತ್ರೆ ಎಂತದೂ ಸಿಗುದಿಲ್ಲ, ಹಿಡ್ಕೊಂಡವನು ಯಾರು, ಅವನು ಯಾಕೆ ಬಿಡ್ತಾ ಇಲ್ಲ, ಅದನ್ನೇ ಕೇಳ್ತಾ ಹೋಗ್ಬೇಕು. ರೀಎಂಟ್ರಂಟ್‌ಲಾಕ್ (ಜಾವಾ ಲೈಬ್ರರಿಯ ಒಂದು ಲಾಕ್) ಬಳಸಿದ್ರೆ ಜೆಸ್ಟ್ಯಾಕಿಗೆ ಮೈನಸ್ ಎಲ್ (-l) ಸೇರ್ಸಿ, ಇಲ್ಲಾಂದ್ರೆ ಹಿಡ್ಕೊಂಡವನ ಸ್ಟ್ಯಾಕಲ್ಲಿ ಆ ಲಾಕ್ ಕಾಣುದೇ ಇಲ್ಲ.

ಒಂದು ಜಾಗ್ರತೆ. ಥ್ರೆಡ್ ಪೂಲಿನ (ಬಂದ ಕೆಲ್ಸ ಮಾಡ್ಲಿಕ್ಕೆ ಮೊದ್ಲೇ ಇಟ್ಟ ಥ್ರೆಡ್ಡುಗಳ ಗುಂಪು) ಎಲ್ಲ ವರ್ಕರ್‌ಗಳೂ ಅದೇ ಪೂಲಿಗೆ ಹಾಕಿದ ಬೇರೆ ಟಾಸ್ಕಿನ ಉತ್ತರಕ್ಕೆ ಕಾಯ್ತಾ ನಿಂತ್ರೆ ಜೆಸ್ಟ್ಯಾಕ್ ಡೆಡ್‌ಲಾಕ್ ಅಂತ ಹೇಳುದಿಲ್ಲ, ಅದಕ್ಕೆ ಲಾಕಿನ ಸುತ್ತು ಮಾತ್ರ ಗೊತ್ತಾಗುದು. ಎಲ್ಲ ವರ್ಕರ್ ಫ್ಯೂಚರ್ ಗೆಟ್‌ನಲ್ಲಿ (ಟಾಸ್ಕಿನ ಉತ್ತರಕ್ಕೆ ಕಾಯುವ ಕಾಲ್) ಇದ್ರೆ ಇದೇ ಅಂತ ಸಂಶಯ ಮಾಡಿ.

ಲಿನಕ್ಸಲ್ಲಿ ಸಿ, ಸಿ ಪ್ಲಸ್ ಪ್ಲಸ್ ಆದ್ರೆ ಜಿಡಿಬಿ ಅನ್ನುವ ಡೀಬಗರ್ ಅಟ್ಯಾಚ್ ಮಾಡಿ (ಉಬುಂಟುವಲ್ಲಿ ಸುಡೋ ಬೇಕಾದೀತು), 'ಥ್ರೆಡ್ ಅಪ್ಲೈ ಆಲ್ ಬಿಟಿ' (thread apply all bt) ಕೊಡಿ, ಎಲ್ಲ ಥ್ರೆಡ್ಡಿನ ಸ್ಟ್ಯಾಕ್ ಬರ್ತದೆ, ಅದ್ರಲ್ಲಿ ಮ್ಯೂಟೆಕ್ಸ್ (ಇಲ್ಲಿ ಲಾಕಿಗೆ ಇರುವ ಹೆಸ್ರು) ಲಾಕಲ್ಲಿ ನಿಂತ ಥ್ರೆಡ್ಡುಗಳನ್ನು ಹೆಕ್ಕಿ. ಆ ಮ್ಯೂಟೆಕ್ಸ್ ಪ್ರಿಂಟ್ ಮಾಡಿದ್ರೆ ಒಳಗೆ ಓನರ್ ಅಂತ ಒಂದು ನಂಬರ್ ಉಂಟು, 'ಇನ್ಫೋ ಥ್ರೆಡ್ಸ್'ನಲ್ಲಿ ಅದೇ ಎಲ್‌ಡಬ್ಲ್ಯುಪಿ (LWP, ಲಿನಕ್ಸ್ ಥ್ರೆಡ್ಡಿಗೆ ಕೊಡುವ ಐಡಿ) ನಂಬರಿನ ಥ್ರೆಡ್ಡೇ ಹಿಡ್ಕೊಂಡವನು.

ಸರಿ ಮಾಡುದು ಹೇಗೆ? ದುಡ್ಡು ಯಾವ ಕಡೆ ಹೋಗ್ಲಿ, ಸಣ್ಣ ಖಾತೆ ನಂಬರಿನ ಲಾಕ್ ಮೊದ್ಲು, ದೊಡ್ಡದು ಆಮೇಲೆ, ಇಷ್ಟೇ. ಸಿ ಪ್ಲಸ್ ಪ್ಲಸ್ 17ರಲ್ಲಿ ಸ್ಕೋಪ್ಡ್ ಲಾಕಿಗೆ (scoped_lock) ಎರಡೂ ಮ್ಯೂಟೆಕ್ಸ್ ಒಟ್ಟಿಗೆ ಕೊಟ್ರೆ ಅದೇ ನೋಡ್ಕೊಳ್ತದೆ. ಟ್ರೈಲಾಕ್ ಟೈಮ್‌ಔಟ್ (ಸ್ವಲ್ಪ ಹೊತ್ತು ಮಾತ್ರ ಲಾಕಿಗೆ ಕಾದು ಸಿಗದಿದ್ರೆ ವಾಪಸ್ ಬರುದು) ನನಗೆ ಅಷ್ಟು ಇಷ್ಟ ಇಲ್ಲ, ಬೇರೆ ದಾರಿ ಇಲ್ಲದಾಗ ಮಾತ್ರ, ಅದೂ ಎರಡ್ನೇ ಲಾಕ್ ಸಿಗದಿದ್ರೆ ಮೊದಲ್ನೇದನ್ನು ಬಿಟ್ಟೇ ಬಿಡ್ಬೇಕು. ಲಾಕ್ ಹಿಡ್ಕೊಂಡು ಬೇರೆಯವ್ರ ಕಾಲ್‌ಬ್ಯಾಕ್ (ನಿಮ್ಮ ಕೋಡ್ ಕರೀಲಿ ಅಂತ ಅವ್ರು ಕೊಟ್ಟ ಫಂಕ್ಷನ್) ಮಾತ್ರ ಕರೀಲೇಬೇಡಿ, ಅದು ಒಳಗೆ ಯಾವ ಲಾಕಿಗೆ ಕೈ ಹಾಕ್ತದೆ ಅಂತ ನಿಮಗೆ ಗೊತ್ತಿರುದಿಲ್ಲ.

ಸರಿ ಆಯ್ತಾ ಅಂತ ನೋಡ್ಲಿಕ್ಕೆ ಹಳೇ ಕೋಡಲ್ಲಿ ಎರಡು ಲಾಕಿನ ನಡುವೆ ಒಂದು ಸ್ಲೀಪ್ ಹಾಕಿ ಟೆಸ್ಟ್ ಓಡ್ಸಿ, ಅಪರೂಪಕ್ಕೆ ಬರುವ ಡೆಡ್‌ಲಾಕ್ ಕೂಡ್ಲೆ ಬರ್ತದೆ, ಆಮೇಲೆ ಹೊಸ ಕೋಡಲ್ಲೂ ಅದೇ ಸ್ಲೀಪ್ ಇಟ್ಟು ಓಡ್ಸಿ. ಸಿ ಪ್ಲಸ್ ಪ್ಲಸ್ಸಿನವ್ರು ಥ್ರೆಡ್ ಸ್ಯಾನಿಟೈಸರ್ (ಥ್ರೆಡ್ಡಿನ ತಪ್ಪು ಹಿಡಿಯುವ ಕಂಪೈಲರಿನ ಟೂಲ್) ಹಾಕಿ ಬಿಲ್ಡ್ ಮಾಡಿ ಟೆಸ್ಟ್ ಓಡ್ಸಿದ್ರೆ, ಹ್ಯಾಂಗ್ ಆಗದಿದ್ರೂ ಲಾಕಿನ ಕ್ರಮ ಉಲ್ಟಾ ಆದದ್ದನ್ನು ಅದು ಹೇಳ್ತದೆ. ಪ್ರೋಗ್ರಾಮ್ 5ರಿಂದ 15 ಪಟ್ಟು ನಿಧಾನ ಆಗ್ತದೆ, ಹಾಗಾಗಿ ಪ್ರೊಡಕ್ಷನಲ್ಲಿ ಬೇಡ, ರಾತ್ರಿ ಟೆಸ್ಟಿಗೆ ಹಾಕಿ ಬಿಡಿ.