ಕೊಳದ ನೀರು ಹೇಗಿದೆ? ಸೂರ್ಯ ಹುಟ್ಟುವ ಮುಂಚೆ ಹೋಗಿ ನೋಡಿ

ಎಲ್ಲರೂ ಬಳಸುವ ಕೊಳ ಹಸಿರಾದ ಕೂಡಲೇ ಯಾರಾದರೊಬ್ಬರು ‘ಮೈಲುತುತ್ತ ಸುರಿದುಬಿಡೋಣ’ ಅಂತಾರೆ. ಸ್ವಲ್ಪ ತಡೆಯಿರಿ. ಪಾಚಿ ಸಾಯುವುದೇನೋ ನಿಜ, ಆದರೆ ಅಷ್ಟೂ ಪಾಚಿ ಒಟ್ಟಿಗೆ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖಾಲಿಯಾಗಿ, ಕೆಲವೇ ದಿನಗಳಲ್ಲಿ ಮೀನುಗಳು ಸತ್ತು ತೇಲಬಹುದು. ಮೊದಲು ಅಳೆಯಿರಿ.

ಒಂದು ನೋಟ್‌ಬುಕ್ ಇಡಿ. ಇಬ್ಬರು ಮೂವರು ಸರದಿ ಹಾಕಿಕೊಳ್ಳಿ. ವಾರಕ್ಕೊಮ್ಮೆ ಸಾಕು, ಆದರೆ ಪ್ರತಿ ಸಲ ಅದೇ ಜಾಗ, ಅದೇ ಹೊತ್ತು. ಇಲ್ಲದಿದ್ದರೆ ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸುವುದು ಹೇಗೆ, ಅಲ್ವಾ? ಮಳೆ ಬಂದಿತ್ತಾ, ನೀರಿನ ಬಣ್ಣ ಏನು, ವಾಸನೆ ಇದೆಯಾ, ಇದನ್ನೂ ಬರೆಯಿರಿ.

ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು 20 ಸೆಂ.ಮೀ. ಅಗಲದ ದುಂಡನೆಯ ತಟ್ಟೆ ಬೇಕು. ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಹಚ್ಚಿ. ಇದಕ್ಕೆ ಸೆಕ್ಕಿ ಡಿಸ್ಕ್ ಅಂತ ಹೆಸರು. ಕೆಳಗೆ ಭಾರ ಕಟ್ಟಿ, ಅಳತೆ ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ. ಕಣ್ಣಿಗೆ ಕಾಣದಾಗುವ ಆಳವೇ ನಿಮ್ಮ ಲೆಕ್ಕ. ಹಸಿರು ನೀರಿನಲ್ಲಿ 30 ಸೆಂ.ಮೀ. ಒಳಗೇ ಮರೆಯಾದರೆ ಪಾಚಿ ಜಾಸ್ತಿಯಾಗಿದೆ. ಮಳೆ ಬಂದ ಮೇಲೆ ನೀರು ಕಂದಾಗಿದ್ದರೆ ಅದು ಮಣ್ಣು, ಆ ಕಥೆ ಬೇರೆ.

ಇನ್ನು ಆಮ್ಲಜನಕ. ನನ್ನ ಪ್ರಕಾರ ಒಂದೇ ಒಂದನ್ನು ಅಳೆಯಲು ಆಗುವುದಾದರೆ ಇದನ್ನೇ ಅಳೆಯಿರಿ. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಮೀನಿನ ಜೊತೆ ಸೇರಿ ಉಸಿರಾಡುತ್ತದೆ. ಹಾಗಾಗಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ. ಮಧ್ಯಾಹ್ನ ಅಳೆದು ಎಲ್ಲ ಸರಿಯಿದೆ ಅಂದುಕೊಂಡರೆ ಮೋಸ ಹೋದಿರಿ. ಲೀಟರಿಗೆ 5 ಮಿ.ಗ್ರಾಂ. ಮೇಲಿದ್ದರೆ ಚಿಂತೆಯಿಲ್ಲ, 3ಕ್ಕಿಂತ ಇಳಿದರೆ ಮೀನುಗಳಿಗೆ ಕಷ್ಟ. ಮೀಟರ್ ಇಲ್ಲವಾ? ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆಯಾ ನೋಡಿ. ಸೆಕೆಗಾಲದಲ್ಲಿ ಇನ್ನೂ ಹುಷಾರಾಗಿರಿ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಸುಮಾರು ಏಳೂವರೆ ಅಷ್ಟೇ. ಕಾರಂಜಿ ಅಥವಾ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇದ್ದರೆ ಅದನ್ನು ಓಡಿಸಬೇಕಾದದ್ದು ರಾತ್ರಿ. ಹಗಲು ಸುಮ್ನೆ ಅಂದಕ್ಕೆ.

ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಮತ್ತು ಅಮೋನಿಯಾಕ್ಕೆ ಬಣ್ಣ ನೋಡಿ ಹೇಳುವ ಟೆಸ್ಟ್ ಕಿಟ್ ಸಾಕು. ಎರಡನ್ನೂ ಒಟ್ಟಿಗೆ ನೋಡಿ, ಯಾಕೆಂದರೆ ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು.

ಅಳೆದದ್ದಾಯಿತು, ಈಗ ಕೊಳದ ಸುತ್ತ ನಡೆಯಿರಿ, ಅದೂ ಮಳೆ ಸುರಿಯುವಾಗಲೇ. ಯಾವ ಚರಂಡಿ ಬಂದು ಸೇರುತ್ತಿದೆ, ಗೊಬ್ಬರ ಹಾಕಿದ ನೆಲದ ನೀರು ಎಲ್ಲಿಂದ ಇಳಿಯುತ್ತಿದೆ, ಕತ್ತರಿಸಿದ ಹುಲ್ಲನ್ನು ಯಾರು ದಡದಲ್ಲಿ ರಾಶಿ ಹಾಕಿದ್ದಾರೆ ಎಲ್ಲ ಕಾಣುತ್ತದೆ. ಪಾಚಿಗೆ ಮೇವು ರಂಜಕ ಮತ್ತು ಸಾರಜನಕ, ಅವು ಬರುವುದು ಈ ದಾರಿಯಲ್ಲೇ. ಬಾತುಗಳಿಗೆ ಬ್ರೆಡ್ ಎಸೆಯುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ, ಹೇಳಿದರೆ ಜನರಿಗೆ ಬೇಜಾರು. ದಡದ ಉದ್ದಕ್ಕೂ ಕೆಲವು ಮೀಟರ್ ಅಗಲ ಹುಲ್ಲು, ಗಿಡ ಕತ್ತರಿಸದೆ ಬೆಳೆಯಲು ಬಿಡಿ, ಹರಿದು ಬರುವ ಮಣ್ಣನ್ನು ಅದು ತಡೆಯುತ್ತದೆ. ತಳದ ಹೂಳಿನಲ್ಲಿ ಕೂತ ರಂಜಕ ವರ್ಷಗಟ್ಟಲೆ ಮೇಲೆ ಬರುತ್ತಲೇ ಇರುತ್ತದೆ, ಆದರೂ ಹೊರಗಿನ ಕೊಳೆ ನಿಲ್ಲಿಸದೆ ಹೂಳೆತ್ತಿದರೆ ದುಡ್ಡು ದಂಡ.

ಒಂದು ಎಚ್ಚರಿಕೆ. ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ಅದರಲ್ಲಿ ವಿಷ ಇರಬಹುದು. ಕೋಲಿನಿಂದ ಎತ್ತಿ ನೋಡಿ: ಕೂದಲಿನಂತೆ ನೇತಾಡಿದರೆ ಸಾಮಾನ್ಯ ಪಾಚಿ ಇರಬಹುದು. ಕೋಲಿಗೆ ಬಣ್ಣದಂತೆ ಮೆತ್ತಿಕೊಂಡರೆ ಮಕ್ಕಳು, ನಾಯಿ, ದನ ಯಾರನ್ನೂ ನೀರಿಗೆ ಬಿಡಬೇಡಿ.

ಜನ ಈಜುವ ಕೊಳವಾದರೆ ಬ್ಯಾಕ್ಟೀರಿಯಾ ಪರೀಕ್ಷೆಯೂ ಬೇಕು, ತಿಳಿ ನೀರಿನಲ್ಲೂ ರೋಗಾಣು ಇರುತ್ತವೆ. ಇದಕ್ಕೆ ಮನೆಯಲ್ಲಿ ತೊಳೆದ ಬಾಟಲಿ ನಡೆಯುವುದಿಲ್ಲ, ಲ್ಯಾಬಿನವರ ಹತ್ತಿರವೇ ಕೇಳಿ ತನ್ನಿ. ಒಳಗೆ ಬೆರಳು ತಾಗಿಸದೆ ತುಂಬಿಸಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ.