ಕ್ಲೋಜರ್‌ನಲ್ಲಿ ಮೇಲ್ ಕಳಿಸಲು ಮ್ಯಾಪ್ ಬೇಡ, ರನ್! ಇದೆ

ಕ್ಲೋಜರ್ (Clojure) ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವವರು ಗಮನಿಸಿ. ಪಟ್ಟಿಯಲ್ಲಿರುವ ಎಲ್ಲರಿಗೂ ಮೇಲ್ ಕಳಿಸುವಂಥ ಕೆಲಸಕ್ಕೆ ಮ್ಯಾಪ್ (map: ಪಟ್ಟಿಯ ಪ್ರತಿಯೊಂದರ ಮೇಲೂ ಒಂದು ಫಂಕ್ಷನ್ ಓಡಿಸಿ ಉತ್ತರಗಳನ್ನು ಕೊಡುವಂಥದ್ದು) ಬಳಸಬೇಡಿ. ಅದು ಲೇಜಿ, ಅಂದ್ರೆ ಫಲಿತಾಂಶವನ್ನು ಯಾರಾದರೂ ಕೇಳುವವರೆಗೂ ಕೆಲಸ ಶುರುವಾಗುವುದೇ ಇಲ್ಲ. ರೆಪ್ಲ್‌ನಲ್ಲಿ (REPL: ಕೋಡ್ ಟೈಪ್ ಮಾಡಿದ ಕೂಡಲೇ ಉತ್ತರ ತೋರಿಸುವ ಕಿಟಕಿ) ಸರಿಯಾಗಿಯೇ ಕಾಣುತ್ತದೆ, ಯಾಕಂದ್ರೆ ಉತ್ತರ ಪ್ರಿಂಟ್ ಮಾಡಲು ಅದು ಎಲ್ಲವನ್ನೂ ಓಡಿಸುತ್ತದೆ. ಅದೇ ಸಾಲನ್ನು ಫಂಕ್ಷನ್ ಮಧ್ಯೆ ಸುಮ್ನೆ ಇಟ್ಟರೆ ಒಂದು ಮೇಲೂ ಹೋಗುವುದಿಲ್ಲ, ಎರರ್ ಕೂಡ ಬರುವುದಿಲ್ಲ! ಇದನ್ನು ಹುಡುಕುವುದು ತುಂಬಾ ಕಷ್ಟ. ಇನ್ನೊಂದು ತೊಂದರೆಯೂ ಇದೆ. ಪಟ್ಟಿ ವೆಕ್ಟರ್ (ಚೌಕ ಆವರಣದಲ್ಲಿ ಬರೆಯುವ ಪಟ್ಟಿ) ಆಗಿದ್ದರೆ ಮ್ಯಾಪ್ 32ರ ಕಂತಿನಲ್ಲಿ ಓಡುತ್ತದೆ. ಮೊದಲ ಉತ್ತರವನ್ನಷ್ಟೇ ಕೇಳಿದರೂ 32 ಮೇಲ್ ಹೋಗಿಬಿಡಬಹುದು.

ಕ್ಲೋಜರ್ ಆವೃತ್ತಿ 1.7ರಿಂದ ಇರುವ ರನ್! (run!) ಬಳಸಿ: (ರನ್! ಮೇಲ್-ಕಳಿಸು ಪಟ್ಟಿ). ತಕ್ಷಣ ಓಡುತ್ತದೆ, ಕೊನೆಗೆ ನಿಲ್ (nil, ಅಂದ್ರೆ ಏನೂ ಇಲ್ಲ) ಕೊಡುತ್ತದೆ. ಪ್ರತಿಯೊಬ್ಬರಿಗೂ ಮಾಡುವ ಕೆಲಸ ನಾಲ್ಕೈದು ಸಾಲು ಇದ್ದರೆ ಡೋಸೀಕ್ (doseq, ತಕ್ಷಣ ಓಡುವ ಲೂಪ್) ಓದಲು ಚೆನ್ನ. ಉತ್ತರಗಳೂ ಬೇಕಿದ್ದರೆ ಮ್ಯಾಪ್‌ವಿ (mapv, ತಕ್ಷಣ ಓಡುವ ಮ್ಯಾಪ್).