ಒದೆಯುವುದನ್ನು ಬಿಟ್ಟ ಮೇಲೆ ಕೈ ನಿಂತಿತು

ನಲವತ್ತು ದಾಟಿದ ಮೇಲೆ ಹ್ಯಾಂಡ್‌ಸ್ಟ್ಯಾಂಡ್, ಅಂದರೆ ತಲೆಕೆಳಗಾಗಿ ಬರೀ ಅಂಗೈ ಮೇಲೆ ನಿಲ್ಲುವುದು, ಬರುವುದಿಲ್ಲ, ಬಂದರೂ ಮಣಿಕಟ್ಟು ಹೋಗುತ್ತದೆ ಎಂದವರೇ ಹೆಚ್ಚು. ಈಗ ಗೋಡೆಯ ಹಂಗಿಲ್ಲದೆ 20–25 ಸೆಕೆಂಡು ನಿಲ್ಲುತ್ತೇನೆ, ಒಳ್ಳೆಯ ದಿನ 30 ದಾಟುವುದೂ ಉಂಟು. ಹಿಡಿದದ್ದು ಸುಮಾರು ಹತ್ತು ತಿಂಗಳು, ಅದರಲ್ಲಿ ಮೊದಲ ನಾಲ್ಕು ಶುದ್ಧ ದಂಡ.

ಆ ನಾಲ್ಕು ತಿಂಗಳು ಎಲ್ಲರಂತೆ ಒದ್ದು ಮೇಲೆ ಹಾರಿ ಹಿಮ್ಮಡಿಯನ್ನು ಗೋಡೆಗೆ ತಾಗಿಸುವುದೇ ಕೆಲಸ. ದಿನಕ್ಕೆ 30–40 ಸಲ. ಒದೆತದ ರಭಸ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಒಂದು ಸಲ ಹಿಮ್ಮಡಿ ಗೋಡೆಗೆ ದಬ್ಬೆಂದು ಬಡಿದರೆ ಇನ್ನೊಂದು ಸಲ ಅರ್ಧಕ್ಕೇ ವಾಪಸು. ಮೇಲಿರುವುದು ಅರ್ಧ ಸೆಕೆಂಡು ಅಂದರೆ, ಇಡೀ ದಿನದ ಬೆವರಿಗೆ ಕೈಗಳಿಗೆ ಸಿಕ್ಕ ಪಾಠ ಹೆಚ್ಚೆಂದರೆ 20 ಸೆಕೆಂಡು. ಸಾಲದ್ದಕ್ಕೆ ಗೋಡೆಗೆ ಬೆನ್ನು ಮಾಡಿದರೆ ಸೊಂಟ ಬಿಲ್ಲಾಗುತ್ತದೆ, ಪಕ್ಕೆಲುಬು ಎದ್ದು ಬರುತ್ತದೆ, ಭುಜ ಕುಸಿಯುತ್ತದೆ. ಆ ಡೊಂಕು ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದಕ್ಕೆ ತಿಂಗಳುಗಳು ಬೇಕು.

ದುಡ್ಡು ಸುರಿದದ್ದೂ ಆಗಲೇ. ಮಣಿಕಟ್ಟಿನ ಪಟ್ಟಿ ಎರಡು ಜೊತೆ, ದಪ್ಪ ಫೋಮ್ ಮ್ಯಾಟು, ಒಂದು ಜೊತೆ ಪ್ಯಾರಲೆಟ್ (ನೆಲದ ಮೇಲಿಟ್ಟು ಹಿಡಿದುಕೊಳ್ಳುವ ಗಿಡ್ಡ ಕಂಬಿ), ಮೇಲೊಂದು ಆನ್‌ಲೈನ್ ಕೋರ್ಸು. ಮ್ಯಾಟೇ ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ನಿಷ್ಪ್ರಯೋಜಕ. ಅಂಗೈ ಅದರೊಳಗೆ ಇಳಿಯುತ್ತದೆ, ಬೆರಳು ಒತ್ತಿದ ಬಲವನ್ನೆಲ್ಲ ಫೋಮೇ ನುಂಗುತ್ತದೆ. ಗಟ್ಟಿ ನೆಲವೇ ಸರಿ. ಪಟ್ಟಿ ಬಿಗಿದರೆ ನೋವು ಕಡಿಮೆ ಅನ್ನಿಸಿ ಇನ್ನೂ ಹತ್ತು ಸಲ ಜಾಸ್ತಿ ಮಾಡಿಬಿಡುತ್ತೇವೆ, ಮರುದಿನ ಬಾಟಲಿ ಮುಚ್ಚಳ ತಿರುಗುವುದಿಲ್ಲ. ಹಾಕಿದ ದುಡ್ಡು ಹುಟ್ಟಿದ್ದು ಮೊಬೈಲ್ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಮಾತ್ರ. ನೆಟ್ಟಗಿದ್ದೇನೆ ಎಂದುಕೊಂಡ ಮೈ ಪಕ್ಕದಿಂದ ತೆಗೆದ ವಿಡಿಯೋದಲ್ಲಿ ಬಾಳೆಹಣ್ಣು.

ಐದನೆಯ ತಿಂಗಳಿಂದ ಒದೆತ ಪೂರ್ತಿ ಬಂದ್. ಗೋಡೆಗೆ ಎದೆ ಮಾಡಿ, ಪಾದದಿಂದ ಗೋಡೆ ಹತ್ತುತ್ತ, ಅಂಗೈ ಗೋಡೆಯಿಂದ ಒಂದು ಗೇಣಿನಷ್ಟು ಹತ್ತಿರ ಬರುವವರೆಗೆ ನಡೆಯುವುದು. ಕಾಲುಚೀಲ ಹಾಕಿಕೊಂಡರೆ ಪಾದ ಸಲೀಸಾಗಿ ಜಾರುತ್ತದೆ. ಆದರೆ ಅದಕ್ಕೂ ಮೊದಲು ಒಂದು ವಾರ ಬರೀ ಇಳಿಯುವುದನ್ನೇ ಕಲಿಯಬೇಕು: ಒಂದು ಕೈ ಎತ್ತಿ ಬೆರಳ ದಿಕ್ಕಿಗೆ ಅರ್ಧ ಹೆಜ್ಜೆ ಮುಂದಿಡು, ಸೊಂಟ ತಿರುಗಿಸು, ಒಂದೊಂದೇ ಕಾಲು ಪಕ್ಕಕ್ಕೆ ಇಳಿಸು. ಬೀಳುವುದು ಬಾರದವನ ಮೈ ಮೇಲೇರಿದಾಗ ಸೆಟೆದುಕೊಂಡೇ ಇರುತ್ತದೆ, ಸೆಟೆದ ಮೈಗೆ ಸಮತೋಲ ಹತ್ತುವುದಿಲ್ಲ.

ಲೆಕ್ಕ ಹೀಗಿತ್ತು: ಮಣಿಕಟ್ಟು ಸಡಿಲಿಸುವುದಕ್ಕೆ 6–7 ನಿಮಿಷ, ಆಮೇಲೆ 20 ಸೆಕೆಂಡಿನ ಐದು ಸುತ್ತು, ನಡುವೆ ಸುಮಾರು ಎರಡು ನಿಮಿಷ ಬಿಡುವು. ವಾರಕ್ಕೆ ಐದು ದಿನ. ಎರಡು ವಾರಕ್ಕೊಮ್ಮೆ ಐದು ಸೆಕೆಂಡು ಏರಿಕೆ, ಅದಕ್ಕಿಂತ ಅವಸರ ಮಾಡಿದಾಗಲೆಲ್ಲ ಎಡ ಮಣಿಕಟ್ಟು ಮುನಿಸಿಕೊಂಡಿದೆ. ಯೋಗದ ಕ್ಲಾಸಿನಲ್ಲಿ ಭುಜ ಕೆಳಗೆ ಎಂದು ಹೇಳಿ ಹೇಳಿ ರೂಢಿಯಾಗಿರುತ್ತದೆ. ಇಲ್ಲಿ ತದ್ವಿರುದ್ಧ, ನೆಲವನ್ನು ದೂರ ತಳ್ಳುತ್ತ ಭುಜ ಕಿವಿಗೆ ತಾಗಬೇಕು.

40 ಸೆಕೆಂಡು ಆರಾಮಾಗಿ ನಿಂತ ಮೇಲೆ ಪಾದ ಬಿಡಿಸುವ ಅಭ್ಯಾಸ. ಎಲ್ಲರೂ ಎಡವುವುದು ಇಲ್ಲೇ. ಕಾಲ್ಬೆರಳಿನಿಂದ ಗೋಡೆಯನ್ನು ತಳ್ಳಬಾರದು, ತಳ್ಳಿದರೆ ಮತ್ತೆ ಅದೇ ಒದೆತದ ಕಥೆ. ಭಾರ ಅಂಗೈ ಬುಡದಿಂದ ಬೆರಳ ಗೆಣ್ಣಿನ ಕಡೆಗೆ ಜಾರಬೇಕು, ಆಗ ಪಾದ ತಾನಾಗಿಯೇ ಹಗುರಾಗಿ ಗೋಡೆ ಬಿಡುತ್ತದೆ. ಆ ಕ್ಷಣಕ್ಕೆ ಬೆರಳ ತುದಿ ನೆಲ ಕಚ್ಚಬೇಕು, ಉಗುರು ಬಿಳಿಚುವಷ್ಟು. ಬೆನ್ನಿನ ಕಡೆ ವಾಲಿದರೆ ಬೆರಳು ಕಾಪಾಡುತ್ತದೆ. ಹೊಟ್ಟೆಯ ಕಡೆ ವಾಲಿದರೆ ಬೆರಳಿಗೆ ಕೆಲಸವಿಲ್ಲ, ಮೊಣಕೈ ಮಡಿಸಿ ಭುಜವನ್ನು ಮುಂದೆ ತರಬೇಕು, ಅದು ಮೂರು ಪಟ್ಟು ದಣಿವು. ಹಾಗಾಗಿ ಯಾವಾಗಲೂ ಕೂದಲೆಳೆಯಷ್ಟು ಬೆರಳ ಕಡೆಗೇ ಇರುವುದು ಜಾಣತನ.

ನಡುವೆ ಮಾಡಿದ ಚಿಲ್ಲರೆ ಪ್ರಯೋಗಗಳು ಹಲವು. ಶೀರ್ಷಾಸನವನ್ನು ಮೂರು ನಿಮಿಷಕ್ಕೆ ಏರಿಸಿದ್ದರಿಂದ ಇಲ್ಲಿ ಮೂರು ಸೆಕೆಂಡೂ ಸೇರಲಿಲ್ಲ. ಅಲ್ಲಿ ಬುಡವಾಗಿ ಮುಂಗೈ ಇದೆ, ತಲೆ ಇದೆ, ಬೆರಳಿಗೆ ದುಡಿಮೆಯೇ ಇಲ್ಲ. ಕಣ್ಣು ಮುಚ್ಚಿದರೆ ಎರಡು ಸೆಕೆಂಡಿಗೇ ಢಮಾರ್. ಪ್ಯಾರಲೆಟ್ ಮಣಿಕಟ್ಟು ನೊಂದ ವಾರಕ್ಕೆ ಆದೀತು, ಆದರೆ ನೆಲಕ್ಕೆ ಮರಳಿದಾಗ ಬೆರಳು ಮಂಕಾಗಿರುತ್ತದೆ. ಅದಕ್ಕಿಂತ ಅಂಗೈ ಬುಡಕ್ಕೆ ಒಂದಿಂಚು ಎತ್ತರದ ಇಳಿಜಾರು ಮರದ ತುಂಡು ಇಟ್ಟರೆ ಮಣಿಕಟ್ಟಿನ ಮಡಿಕೆ ಕಡಿಮೆಯಾಗುತ್ತದೆ, ಖರ್ಚೂ ಇಲ್ಲ.

ಒದೆತ ಮತ್ತೆ ಶುರುವಾದದ್ದು ಎಂಟನೆಯ ತಿಂಗಳಲ್ಲಿ. ಈಗ ಅದು ಒದೆತವಲ್ಲ, ತೂಗುವುದು. ಒಂದು ಕಾಲು ತಲೆಯ ಆಚೆಗೆ ದಾಟಿದರೂ ಇನ್ನೊಂದು ಈಚೆಗೇ ಅಗಲವಾಗಿ ನಿಂತಿರಬೇಕು, ತಕ್ಕಡಿಯ ಎರಡು ತಟ್ಟೆಯಂತೆ. ಹಾಗೆ ಎರಡು ಸೆಕೆಂಡು ನಿಂತ ಮೇಲೆಯೇ ಕಾಲು ಕೂಡಿಸುವುದು. ಕೂಡಿಸುವಾಗ ಉಸಿರು ಎಲ್ಲಿರಬೇಕು ಎಂಬುದು ಒಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಿಲ್ಲದೆಯೂ ಹತ್ತು ಸೆಕೆಂಡಿಗೆ ತೊಂದರೆಯಿಲ್ಲ.

ಇದಕ್ಕೆ ಕೈ ಹಾಕಿದ್ದೇ ತಲೆ ಹಗುರಾಗಲಿ ಎಂದು. ವಾಕಿಂಗ್ ಹೋದರೆ ಆಫೀಸೂ ಜೊತೆಗೇ ನಡೆಯುತ್ತದೆ. ಇಲ್ಲಿ ಅದಕ್ಕೆ ಜಾಗವಿಲ್ಲ, ಬೇರೆ ಯೋಚನೆ ಬಂದ ಕ್ಷಣಕ್ಕೆ ಕಾಲು ನೆಲದಲ್ಲಿರುತ್ತದೆ. ಆದರೆ ಸೆಕೆಂಡಿನ ಬೆನ್ನು ಹತ್ತಿದ ದಿನ ಇದೂ ಇನ್ನೊಂದು ಆಫೀಸು. ಅದಕ್ಕೇ ದಿನಕ್ಕೆ ಹನ್ನೆರಡೇ ಪ್ರಯತ್ನ, ಹನ್ನೆರಡೂ ಬಿದ್ದರೂ ಹದಿಮೂರನೆಯದಿಲ್ಲ. ಊಟವಾಗಿ ಮೂರು ಗಂಟೆ ಕಳೆದಿರಬೇಕು. ರಕ್ತದೊತ್ತಡವೋ ಗ್ಲಾಕೋಮ ಎಂಬ ಕಣ್ಣಿನ ಕಾಯಿಲೆಯೋ ಇದ್ದವರು ಡಾಕ್ಟರನ್ನು ಕೇಳದೆ ತಲೆಕೆಳಗಾಗುವುದೇ ಬೇಡ. ಈ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ.

ಸದ್ಯದ ತಲೆನೋವು ಎಡಭುಜ. 20 ಸೆಕೆಂಡು ದಾಟಿದ ಕೂಡಲೇ ಅದು ಬಲಕ್ಕಿಂತ ಒಂದಿಂಚು ಕೆಳಗಿಳಿಯುತ್ತದೆ ಎಂದು ವಿಡಿಯೋ ತೋರಿಸುತ್ತಿದೆ. ಗೋಡೆಗೆ ಎದೆ ಮಾಡಿ ನಿಂತು ಒಂದೊಂದೇ ಅಂಗೈಯನ್ನು ಕಾಗದದ ದಪ್ಪದಷ್ಟು ಎತ್ತಿಡುವ ಅಭ್ಯಾಸ ಶುರುವಾಗಿದೆ, ಎಡಗೈ ಮೇಲೆ ಇನ್ನೂ ಎರಡು ಸೆಕೆಂಡೂ ನಿಲ್ಲುತ್ತಿಲ್ಲ.